ವೀಸಾ ಬಂದ ಮನೆಯಲ್ಲಿ ಯಾರೂ ಆಡದ ಮಾತು

ಉಪ್ಪಳ, ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆ ಒಂದು ಮನೆಗೆ ವೀಸಾ ಬಂತೆಂದರೆ ನೆರೆಕರೆಗೆಲ್ಲ ಅದೇ ಸುದ್ದಿ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕುಚ್ಚಲಕ್ಕಿ, ತೆಂಗಿನೆಣ್ಣೆ, ಜ್ವರದ ಮಾತ್ರೆ, ತಲೆನೋವಿನ ಮುಲಾಮು ಎಲ್ಲವೂ ಪೆಟ್ಟಿಗೆಗೆ ಇಳಿಯುತ್ತವೆ. ಅಮ್ಮ ತೂಕ ನೋಡುತ್ತಾರೆ, ಅಪ್ಪ ಪಾಸ್‌ಪೋರ್ಟ್ ಮೂರು ಸಲ ನೋಡುತ್ತಾರೆ, ದುಬೈಯಲ್ಲಿ ಹತ್ತು ವರ್ಷ ಇದ್ದು ಬಂದ ಮಾವ ಅಲ್ಲಿನ ಬಿಸಿಲು, ಬಾಡಿಗೆ, ಕಂಪೆನಿ ಇಷ್ಟನ್ನೂ ಹೇಳಿಕೊಡುತ್ತಾರೆ. ಒಂದು ವಿಷಯ ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ಗರ್ಭ ತಡೆಯುವುದು ಹೇಗೆ, ಗುಪ್ತಾಂಗದಲ್ಲಿ ಏನಾದರೂ ಆದರೆ ತೋರಿಸುವುದು ಎಲ್ಲಿ, ಆ ದೇಶದ ಕಾನೂನು ಇದರ ಬಗ್ಗೆ ಏನು ಹೇಳುತ್ತದೆ? ಇದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಊರಿನಲ್ಲಿ ಇದ್ದಾಗ ಈ ಮೌನ ಹೇಗೋ ನಡೆದುಹೋಗುತ್ತದೆ. ಆಶಾ ಕಾರ್ಯಕರ್ತೆ ಇದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ಕೊನೆಗೆ ಮಂಗಳೂರಿಗೆ ಬಸ್ಸು ಹತ್ತಿದರೆ ಗುರುತು ಪರಿಚಯ ಇಲ್ಲದ ವೈದ್ಯರು ಸಿಗುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕಾಗದದ ಪೊಟ್ಟಣದಲ್ಲಿ ಸುತ್ತಿ ಕೊಡುತ್ತಾರೆ. ಕಾನೂನೂ ಬೆನ್ನಿಗೆ ಇದೆ. ಭಾರತದಲ್ಲಿ ಗರ್ಭಪಾತದ ಕಾಯಿದೆ ಬಂದದ್ದು 1971ರಲ್ಲಿ. 2021ರ ತಿದ್ದುಪಡಿಯ ಮೇಲೆ 20 ವಾರದ ವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರದ ವರೆಗೂ ಅವಕಾಶ. ಮದುವೆ ಆಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಈ ಅನುಕೂಲಗಳೆಲ್ಲ ವಿಮಾನ ಹತ್ತಿದ ಕೂಡಲೇ ಕೆಳಗೆ ಉಳಿಯುತ್ತವೆ. ಇಳಿಯುವ ಜಾಗದ ಕಾನೂನೇ ಬೇರೆ. ಇದನ್ನು ಮೊದಲೇ ತಿಳಿದುಕೊಳ್ಳದೆ ಹೋದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಗಲ್ಫನ್ನೇ ನೋಡಿ. ಯು.ಎ.ಇ.ಯಲ್ಲಿ ಕಾಂಡೋಮ್ ಸೂಪರ್ ಮಾರ್ಕೆಟಿನಲ್ಲೂ ಫಾರ್ಮಸಿಯಲ್ಲೂ ಬಹಿರಂಗವಾಗಿ ಸಿಗುತ್ತದೆ. ಮದುವೆಯಾದ ದಂಪತಿಗೆ ಸ್ತ್ರೀರೋಗ ತಜ್ಞರ ಬಳಿ ಹೋಗಲು ತೊಂದರೆಯಿಲ್ಲ. ತೊಂದರೆ ಇರುವುದು ಹಣದಲ್ಲಿ. 2025ರ ಜನವರಿಯಿಂದ ಅಲ್ಲಿನ ಏಳೂ ಎಮಿರೇಟ್‌ಗಳಲ್ಲಿ ಖಾಸಗಿ ನೌಕರರಿಗೆ ಮತ್ತು ಮನೆಕೆಲಸದವರಿಗೆ ಆರೋಗ್ಯ ವಿಮೆ ಕಡ್ಡಾಯವಾಯಿತು, ಒಳ್ಳೆಯದೇ. ಆದರೆ ಕಡಿಮೆ ದರದ ಅನೇಕ ಪಾಲಿಸಿಗಳಲ್ಲಿ ಗರ್ಭನಿರೋಧಕದ ಖರ್ಚು ಸೇರುವುದಿಲ್ಲ. ವಿಮೆ ಉಂಟಲ್ಲ ಎಂದು ಆಸ್ಪತ್ರೆಗೆ ಹೋಗಿ ಕಾಪರ್-ಟಿ ಹಾಕಿಸಿಕೊಂಡರೆ ಬಿಲ್ಲು ಕೈಗೆ ಬರುತ್ತದೆ. ಇಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಅದೇ ಕಾಪರ್-ಟಿ ಉಚಿತ. 380ಎ ಎಂಬ ಬಗೆ ಹತ್ತು ವರ್ಷ, 375 ಎಂಬುದು ಐದು ವರ್ಷ ಬಾಳುತ್ತದೆ. ಗಂಡನ ಬಳಿಗೆ ಹೊರಟ ಹೆಂಗಸು ಎರಡನೇ ಮಗು ಸದ್ಯಕ್ಕೆ ಬೇಡ ಅಂತಿದ್ದರೆ ಹೊರಡುವ ಒಂದೆರಡು ತಿಂಗಳ ಮೊದಲೇ ಇಲ್ಲಿ ಹಾಕಿಸಿಕೊಂಡು, ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ತೋರಿಸಿಕೊಂಡು ಹೋಗಬಹುದು. ಇಷ್ಟು ಸರಳ ವಿಷಯವನ್ನೂ ಹೇಳುವವರಿಲ್ಲದೆ ಎಷ್ಟೋ ಮಂದಿ ಅಲ್ಲಿ ಹೋಗಿ ಒದ್ದಾಡುತ್ತಾರೆ.

ಮಾತ್ರೆಯದ್ದು ಇನ್ನೊಂದು ಕತೆ. ಸರಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಎಂಬ ವಾರದ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಅಂಗಡಿಯಲ್ಲಿ ‘ಸಹೇಲಿ’ ಎಂದು ಸಿಗುವುದೂ ಅದೇ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಈ ಮದ್ದು ಹೆಚ್ಚಿನ ಹೊರದೇಶಗಳ ಅಂಗಡಿಗಳಲ್ಲಿ ಇಲ್ಲವೇ ಇಲ್ಲ. ಇಲ್ಲಿ ಅದಕ್ಕೆ ಒಗ್ಗಿಕೊಂಡವರು ಅಲ್ಲಿ ಚೀಟಿ ಹಿಡಿದು ಫಾರ್ಮಸಿಯಿಂದ ಫಾರ್ಮಸಿಗೆ ಅಲೆದರೆ ಪ್ರಯೋಜನ ಏನು? ಮೂರು ತಿಂಗಳಿಗೊಮ್ಮೆ ಚುಚ್ಚುವ ‘ಅಂತರಾ’ ಇಂಜೆಕ್ಷನ್ ಹೆಸರೂ ನಮ್ಮ ದೇಶದ ಸರಕಾರಿ ಹೆಸರೇ. ಆದ್ದರಿಂದ ಬ್ರಾಂಡ್ ಹೆಸರಲ್ಲ, ಒಳಗಿರುವ ಔಷಧದ ಹೆಸರನ್ನು ವೈದ್ಯರಿಂದ ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಬರೆಸಿಕೊಂಡು, ಆ ಚೀಟಿಯನ್ನು ಮಾತ್ರೆಯ ಜತೆಗೇ ಇಟ್ಟುಕೊಂಡು ಹೋಗಬೇಕು. ಯು.ಎ.ಇ.ಗೆ ಕೆಲವು ನೋವಿನ ಮಾತ್ರೆ, ಕೆಮ್ಮಿನ ಮದ್ದುಗಳನ್ನೂ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಟ್ರಮಡಾಲ್, ಕೋಡೀನ್ ಇರುವ ಮದ್ದು ಬ್ಯಾಗಿನಲ್ಲಿ ಸಿಕ್ಕಿ ಫಜೀತಿಯಾದವರ ಸುದ್ದಿ ಗಡಿನಾಡಿಗೆ ಹೊಸದಲ್ಲ. ಗರ್ಭಪಾತದ ಮಾತ್ರೆಯನ್ನು ‘ಹೇಗೂ ಇರಲಿ’ ಎಂದು ಬಟ್ಟೆಯ ಮಡಿಕೆಯಲ್ಲಿ ಇಟ್ಟು ಕಳಿಸುವವರಂತೂ ಜೈಲಿನ ದಾರಿಯನ್ನೇ ಕಟ್ಟಿ ಕೊಟ್ಟ ಹಾಗೆ.

ಯಾಕೆಂದರೆ ಅಲ್ಲಿ ಗರ್ಭಪಾತ ಇಲ್ಲಿನ ಹಾಗಲ್ಲ. ತಾಯಿಯ ಜೀವಕ್ಕೆ ಅಪಾಯ ಅಥವಾ ಮಗು ಬದುಕಲಾರದಷ್ಟು ದೋಷ, ಇಂಥ ಕಾರಣಗಳಿಗೆ ಮಾತ್ರ ಯು.ಎ.ಇ. ಬಹಳ ಕಾಲ ಅವಕಾಶ ಕೊಟ್ಟಿತ್ತು. 2024ರಲ್ಲಿ ಬಲಾತ್ಕಾರದಿಂದ ಅಥವಾ ಹತ್ತಿರದ ರಕ್ತಸಂಬಂಧಿಯಿಂದ ಆದ ಗರ್ಭವನ್ನೂ ಸೇರಿಸಿದರು. 120 ದಿನ ಮೀರಿರಬಾರದು, ಅಧಿಕಾರಿಗಳಿಗೆ ದೂರು ಹೋಗಿರಬೇಕು, ಆ ದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸ ಆಗಿರಬೇಕು ಎಂಬ ಷರತ್ತುಗಳಿವೆ. ಮನೆಕೆಲಸಕ್ಕೆ ಹೋಗಿ ಮೂರೇ ತಿಂಗಳಾದ ಹೆಂಗಸಿಗೆ ಆ ಕೊನೆಯ ಷರತ್ತಿನ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಮದುವೆಯಾಗದವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮದುವೆಯ ಹೊರಗಿನ ಸಂಬಂಧ ಗಲ್ಫಿನ ಹೆಚ್ಚಿನ ದೇಶಗಳಲ್ಲಿ ಅಪರಾಧ. ಯು.ಎ.ಇ. 2020ರ ಕೊನೆಗೆ ಸಡಿಲಿಕೆ ಸುರು ಮಾಡಿ, 2022ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ದಂಡ ಸಂಹಿತೆಯಲ್ಲಿ ಗಂಡ ಅಥವಾ ಪೋಷಕರು ದೂರು ಕೊಟ್ಟರೆ ಮಾತ್ರ ಮೊಕದ್ದಮೆ ಎಂದು ಮಾಡಿತು. ಮಗು ಹುಟ್ಟಿದರೆ ತಂದೆತಾಯಿ ಮದುವೆಯಾಗಬೇಕು, ಇಲ್ಲವೇ ಮಗು ತಮ್ಮದೆಂದು ಒಪ್ಪಿ ದಾಖಲೆ ಮಾಡಿಸಬೇಕು. ಇದನ್ನೇ ‘ಗಲ್ಫಿನಲ್ಲಿ ಈಗ ಎಲ್ಲ ಫ್ರೀ ಮಾರಾಯ್ರೆ’ ಎಂದು ಊರಿನ ಹುಡುಗರು ಹೇಳಿಕೊಂಡು ತಿರುಗುವುದುಂಟು. ಯು.ಎ.ಇ.ಯಲ್ಲಿ ಆದದ್ದು ಕತಾರಿನಲ್ಲಿ ಆಗಿಲ್ಲ, ಕುವೈತಿನಲ್ಲಿ ಆಗಿಲ್ಲ, ಸೌದಿಯಲ್ಲೂ ಆಗಿಲ್ಲ. ಕತಾರಿನಲ್ಲಿ ಹೆಂಗಸರು ಗರ್ಭಿಣಿ ತಪಾಸಣೆಯಂಥ ಸೇವೆಗೆ ಹೋದರೂ ಮದುವೆಯ ದಾಖಲೆ ಕೇಳುತ್ತಾರೆಂದು ಮಾನವ ಹಕ್ಕುಗಳ ಸಂಘಟನೆ ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ವರದಿ ಮಾಡಿತ್ತು. ಕಂಪೆನಿ ದುಬೈಯಿಂದ ದೋಹಾಕ್ಕೆ ವರ್ಗ ಮಾಡಿದರೆ ಕಾನೂನೂ ಬದಲಾಯಿತು ಅಂತಲೇ ಲೆಕ್ಕ.

ಮದುವೆಯ ದಾಖಲೆ ಎಂದಾಗ ಗಡಿನಾಡಿನ ಹಳೆಯ ತಲೆನೋವೊಂದು ನೆನಪಾಗದೆ ಇರದು. ಕೇರಳದಲ್ಲಿ ಎಲ್ಲ ಧರ್ಮದವರೂ ಪಂಚಾಯತಿನಲ್ಲೋ ನಗರಸಭೆಯಲ್ಲೋ ಮದುವೆ ನೋಂದಾಯಿಸಬೇಕೆಂಬ ನಿಯಮ 2008ರಲ್ಲಿ ಬಂತು. ಆದರೂ ದೇವಸ್ಥಾನದ ಚೀಟಿ, ಜಮಾಅತಿನ ಪುಸ್ತಕ, ಇಗರ್ಜಿಯ ದಾಖಲೆ ಸಾಕೆಂದು ಕೂತವರು ಇದ್ದಾರೆ. ಇನ್ನು ಹೆಸರು! ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ಮಲಯಾಳದಿಂದ ಇಂಗ್ಲಿಷಿಗೆ ಬಂದ ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಬಸುರಿ ಹೆಂಗಸು ಆಸ್ಪತ್ರೆಯ ಕೌಂಟರಿನಲ್ಲಿ ನಿಂತಿರುವಾಗ ‘ಇದು ನೀವೇನಾ?’ ಎಂಬ ಪ್ರಶ್ನೆ ಬಂದರೆ ಊರಿಗೆ ಫೋನು, ಊರಿನಿಂದ ಪಂಚಾಯತಿಗೆ ಓಟ. ನೋಂದಣಿ, ಹೆಸರು ತಿದ್ದುಪಡಿ, ದೃಢೀಕರಣ ಈ ಮೂರೂ ಹೊರಡುವ ಮೊದಲೇ ಆಗಬೇಕಾದ ಕೆಲಸ.

ಗಂಡಸರ ಪಾಲಿಗೆ ಬರೋಣ. ಇದು ಹೆಂಗಸರ ವಿಷಯ ಎಂದು ಪತ್ರಿಕೆ ಮಡಚಿ ಇಡುವವರಿದ್ದರೆ ಅವರಿಗೇ ಮೊದಲು ಹೇಳಬೇಕಾದ್ದು. ಗಲ್ಫಿಗೆ ಹೋಗುವ ಪ್ರತಿಯೊಬ್ಬರೂ ಮಂಗಳೂರಿನಲ್ಲೋ ಕೋಝಿಕ್ಕೋಡಿನಲ್ಲೋ ‘ಮೆಡಿಕಲ್’ ಮಾಡಿಸುತ್ತಾರೆ. ಹಿಂದೆ ಗಾಂಕಾ ಎನ್ನುತ್ತಿದ್ದರು, ಈಗ ವಾಫಿದ್ ಎನ್ನುತ್ತಾರೆ. ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ನೋಡುತ್ತಾರೆ. ಹೆಂಗಸರಿಗೆ ಗರ್ಭ ಪರೀಕ್ಷೆಯೂ ಉಂಟು. ಫಿಟ್ ಎಂಬ ಸೀಲು ಬಿದ್ದರೆ ಸಿಹಿ ಹಂಚುತ್ತಾರೆ. ಆದರೆ ಆ ಸೀಲಿನ ಅರ್ಥ ಎಲ್ಲ ಸರಿ ಉಂಟು ಎಂದಲ್ಲ. ಗೊನೋರಿಯಾ, ಕ್ಲಮೀಡಿಯಾದಂಥ ಸಾಮಾನ್ಯ ಲೈಂಗಿಕ ರೋಗಗಳು ಆ ಪಟ್ಟಿಯಲ್ಲಿ ಇಲ್ಲ. ಅವು ಹಲವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಏನೂ ಲಕ್ಷಣ ತೋರಿಸದೆ ಒಳಗೊಳಗೆ ಕೂತು ಮುಂದೆ ಮಕ್ಕಳಾಗದ ಹಾಗೆ ಮಾಡಬಲ್ಲವು. ಆಗ ಬಂಜೆ ಎಂಬ ಮಾತು ಕೇಳುವವಳು ಮಾತ್ರ ಸೊಸೆ.

ಅಲ್ಲಿ ಹೋದ ಮೇಲೆ ಲೇಬರ್ ಕ್ಯಾಂಪಿನ ಒಂದು ಕೋಣೆಯಲ್ಲಿ ಹತ್ತು ಜನ, ಎರಡು ವರ್ಷಕ್ಕೊಮ್ಮೆ ರಜೆ. ಇಂಥ ಬದುಕಿನಲ್ಲಿ ಯಾರೂ ಎಡವುವುದೇ ಇಲ್ಲ ಎಂದು ನಂಬಿ ಕೂರುವುದು ಮನೆಯವರ ಒಳ್ಳೆಯತನ ಇರಬಹುದು, ಜಾಣತನ ಅಲ್ಲ. ಎಡವಿದವನು ಅಲ್ಲಿ ವೈದ್ಯರ ಬಳಿ ಹೋಗಲು ಹೆದರುತ್ತಾನೆ. ಹೆದರಿಕೆಗೆ ಕಾರಣವೂ ಇದೆ. ವೀಸಾ ನವೀಕರಣದ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಕಂಡರೆ ಗಲ್ಫ್ ದೇಶಗಳು ವಿದೇಶಿಯನನ್ನು ಊರಿಗೆ ಕಳಿಸಿಬಿಡುತ್ತವೆ. ಅದಕ್ಕಾಗಿ ಅವನು ಕೋಣೆಯ ಗೆಳೆಯ ಕೊಟ್ಟ ಆ್ಯಂಟಿಬಯೋಟಿಕ್ ಎರಡು ದಿನ ನುಂಗಿ ಉರಿ ಕಡಿಮೆಯಾಯಿತೆಂದು ಸುಮ್ಮನಾಗುತ್ತಾನೆ. ರಜೆಗೆ ಬರುವಾಗ ರೋಗವೂ ಜತೆಗೆ ಬರುತ್ತದೆ.

ಇಲ್ಲಿ ಬಂದ ಮೇಲಾದರೂ ಹೆದರಬೇಕಾಗಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಸಲಹೆ ಉಚಿತ. ಕೇರಳದಲ್ಲಿ ಆ ಕೇಂದ್ರಕ್ಕೆ ‘ಜ್ಯೋತಿಸ್’ ಎಂದೂ ಚಿಕಿತ್ಸೆಯ ಕೇಂದ್ರಕ್ಕೆ ‘ಉಷಸ್’ ಎಂದೂ ಹೆಸರು. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಊರಿಗೆ ಸಾರುವಂತಿಲ್ಲ. 1097ಕ್ಕೆ ಫೋನು ಮಾಡಿ ಹೆಸರು ಹೇಳದೆಯೇ ಕೇಳಬಹುದು. ಮದ್ದು ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಭೋಗದ ಮೂಲಕ ಇನ್ನೊಬ್ಬರಿಗೆ ಹರಡುವುದಿಲ್ಲ ಎಂಬುದು ಈಗ ಖಚಿತವಾದ ವೈದ್ಯಕೀಯ ಸಂಗತಿ. ಇಪ್ಪತ್ತೈದು ವರ್ಷದ ಹಿಂದಿನ ಭಯವನ್ನೇ ಇಂದಿಗೂ ಹೊತ್ತು ತಿರುಗಿದರೆ ಹೇಗೆ?

ರಜೆಯ ಮಾತು ಬಂತಲ್ಲ, ಅದರಲ್ಲಿ ಇನ್ನೊಂದು ತಪ್ಪು ಲೆಕ್ಕ ಉಂಟು. ಗಂಡ ಬರುವುದು ಗೊತ್ತಾದ ಮೇಲೆ ಬಜಪೆಗೆ ಕಾರು ಹೊರಡುವ ದಿನ ಮಾತ್ರೆ ಸುರು ಮಾಡುವ ಹೆಂಗಸರಿದ್ದಾರೆ. ದಿನಕ್ಕೊಂದರಂತೆ ನುಂಗುವ ಸಾಮಾನ್ಯ ಮಾತ್ರೆಯನ್ನು ಮುಟ್ಟಿನ ಮೊದಲ ಐದು ದಿನಗಳೊಳಗೆ ಸುರು ಮಾಡಿದರೆ ಆಗಲೇ ರಕ್ಷಣೆ. ನಡುವೆ ಸುರು ಮಾಡಿದರೆ ಏಳು ದಿನ ಕಾಂಡೋಮ್ ಬೇಕೇ ಬೇಕು. ಒಂದೂವರೆ ತಿಂಗಳ ರಜೆಯಲ್ಲಿ ಆ ಒಂದು ವಾರವೇ ಮುಖ್ಯ ಎಂದು ಹೇಳಿದರೆ ಯಾರೂ ನಗಬೇಕಾಗಿಲ್ಲ. ತುರ್ತು ಮಾತ್ರೆ ಎಂಬುದು 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಎಂದು ತಪ್ಪಿದಾಗಲೊಮ್ಮೆ ನುಂಗುವಂಥದ್ದು. ರಜೆ ಪೂರ್ತಿ ಅದನ್ನೇ ನಂಬುವಂಥದ್ದಲ್ಲ. ಇಷ್ಟಾಗಿಯೂ ಮಾತ್ರೆ ನುಂಗಬೇಕಾದವಳು ಅವಳೇ, ಕಾಪರ್-ಟಿ ಹಾಕಿಸಿಕೊಳ್ಳಬೇಕಾದವಳು ಅವಳೇ, ಅತ್ತೆಯ ಕಣ್ಣು ತಪ್ಪಿಸಬೇಕಾದವಳೂ ಅವಳೇ. ಕಾಂಡೋಮಿನ ಪೊಟ್ಟಣವೊಂದನ್ನು ಪೆಟ್ಟಿಗೆಯಲ್ಲಿ ತರಲು ಗಂಡನಿಗೆ ಎಷ್ಟು ಕಿಲೋ ಭಾರ?

ಗಲ್ಫ್ ಬಿಟ್ಟು ಈಚೆಗೆ ಇಂಗ್ಲೆಂಡ್, ಐರ್ಲೆಂಡ್ ಕಡೆಗೆ ನರ್ಸಿಂಗ್ ಕಲಿತ ಹೆಣ್ಣುಮಕ್ಕಳು, ಓದಲು ಹೋಗುವ ಮಕ್ಕಳು ಹೆಚ್ಚಾದರು. ಅಲ್ಲಿ ಭಯ ಇಲ್ಲ, ಗೊತ್ತಿಲ್ಲದಿರುವುದೇ ತೊಂದರೆ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಗರ್ಭನಿರೋಧಕ ಮತ್ತು ಲೈಂಗಿಕ ರೋಗಗಳ ಪರೀಕ್ಷೆ, ಚಿಕಿತ್ಸೆ ಯಾವ ದೇಶದವರಿಗೂ ಉಚಿತ. ವೀಸಾ ಯಾವುದು ಎಂಬ ತಕರಾರಿಲ್ಲ. ಎಚ್‌ಐವಿ ಚಿಕಿತ್ಸೆಯನ್ನೂ 2012ರ ಅಕ್ಟೋಬರಿನಿಂದ ಹಾಗೆಯೇ ಮಾಡಿದರು. ಲೈಂಗಿಕ ಆರೋಗ್ಯ ಕ್ಲಿನಿಕ್‌ಗೆ ನೇರವಾಗಿ ಹೋಗಬಹುದು, ಊರಿನ ಅಪ್ಪ ಅಮ್ಮನಿಗೆ ಯಾರೂ ಪತ್ರ ಬರೆಯುವುದಿಲ್ಲ. ಗರ್ಭಪಾತ ಮಾತ್ರ ಈ ಉಚಿತ ಪಟ್ಟಿಗೆ ಸೇರಿಲ್ಲ. ವೀಸಾದ ಜತೆ ಆರೋಗ್ಯ ಶುಲ್ಕ ಕಟ್ಟಿದ ವಿದ್ಯಾರ್ಥಿಗಳಿಗೆ, ನೌಕರರಿಗೆ ಅದೂ ಸಿಗುತ್ತದೆ. ಪ್ರವಾಸಿ ವೀಸಾದಲ್ಲಿ ಹೋದವರು ಹಣ ಕೊಡಬೇಕು. ವೀಸಾಕ್ಕೆ ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುವ ಏಜೆಂಟರಲ್ಲಿ ಎಷ್ಟು ಮಂದಿ ಈ ನಾಲ್ಕು ವಾಕ್ಯ ಹೇಳಿದ್ದಾರೆ?

ಐರ್ಲೆಂಡಿನ ಹೆಸರು ಬಂದಾಗ ಬೆಳಗಾವಿಯ ಸವಿತಾ ಹಾಲಪ್ಪನವರ ನೆನಪಾಗದ ಕನ್ನಡದ ಮನೆ ಇರಲಿಕ್ಕಿಲ್ಲ. 31 ವರ್ಷದ ದಂತವೈದ್ಯೆ, ಗಂಡ ಪ್ರವೀಣ್ ಜತೆ ಗಾಲ್ವೇಯಲ್ಲಿ ನೆಲೆಸಿದ್ದವರು. 17 ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ತೆಗೆದುಬಿಡಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇದೆ ಎಂಬ ಕಾರಣಕ್ಕೆ ತೆಗೆಯಲಿಲ್ಲ. ರಕ್ತಕ್ಕೆ ನಂಜು ಏರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಸ್ವತಃ ವೈದ್ಯಕೀಯ ಓದಿದವರು, ಇಂಗ್ಲಿಷ್ ಬಲ್ಲವರು, ಬಾಯಿ ಬಿಟ್ಟು ಕೇಳಿದವರು! ಅವರಿಗೇ ಈ ಗತಿಯಾದರೆ ಬಾಯಿ ಬಾರದವರ ಪಾಡೇನು ಎಂದು ಆಗ ಗಡಿಯ ಆಚೆ ಈಚೆ ಎಲ್ಲರೂ ಕೇಳಿದರು. ಆ ದೇಶ ಆ ಸಾವಿನಿಂದ ಅಲುಗಾಡಿತು. 2018ರ ಮೇ 25ರ ಜನಮತಗಣನೆಯಲ್ಲಿ ನೂರಕ್ಕೆ 66ಕ್ಕೂ ಮಿಕ್ಕಿ ಜನ ಸಂವಿಧಾನದ ಆ ನಿಷೇಧವನ್ನು ತೆಗೆಯಲು ಮತ ಹಾಕಿದರು. 2019ರ ಜನವರಿಯಿಂದ 12 ವಾರದ ವರೆಗೆ ಗರ್ಭಪಾತಕ್ಕೆ ಅವಕಾಶ ಬಂತು. 2022ರ ಸೆಪ್ಟೆಂಬರಿನಲ್ಲಿ 17ರಿಂದ 25 ವರ್ಷದವರಿಗೆ ಉಚಿತ ಗರ್ಭನಿರೋಧಕ ಯೋಜನೆ ಸುರುವಾಗಿ ಮುಂದೆ 35 ವರ್ಷದ ವರೆಗೂ ವಿಸ್ತರಣೆಯಾಯಿತು. ಬೆಳಗಾವಿಯ ಮಗಳೊಬ್ಬಳ ಹೆಸರಿನಲ್ಲಿ ಅಲ್ಲಿನ ಹೆಂಗಸರು ಬೀದಿಗಿಳಿದು ಗೆದ್ದ ಸೌಲಭ್ಯವನ್ನು ಇಲ್ಲಿಂದ ಹೋದ ಹೆಣ್ಣುಮಕ್ಕಳು ಗೊತ್ತಿಲ್ಲದೆ ಬಿಟ್ಟುಕೊಟ್ಟರೆ ಅದಕ್ಕಿಂತ ಬೇಸರದ ಸಂಗತಿ ಇಲ್ಲ.

ಇದನ್ನೆಲ್ಲ ಮಕ್ಕಳಿಗೆ ಹೇಳಿದರೆ ದಾರಿ ತಪ್ಪಲು ದಾರಿ ತೋರಿಸಿದ ಹಾಗೆ ಎಂದು ಹಿರಿಯರು ಹೇಳ್ತಾರೆ. ಅವರ ಆತಂಕ ಸುಳ್ಳಲ್ಲ, ದೂರದ ಊರಿಗೆ ಮಗಳನ್ನು ಕಳಿಸುವ ಎದೆಯ ಡವಡವ ಅವರಿಗೇ ಗೊತ್ತು. ಆದರೆ ಇಲ್ಲಿ ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮದುವೆಯಾದ, ಮರ್ಯಾದಸ್ಥ ದಂಪತಿಗಳ ವಿಷಯವೇ. ಕಾಪರ್-ಟಿ ಯಾರಿಗೆ? ಮದುವೆಯ ದಾಖಲೆ ಯಾರಿಗೆ? ಗಂಡನಿಂದ ಸೋಂಕು ತಗಲುವುದು ಯಾರಿಗೆ? ಸವಿತಾ ಅವರೂ ಮಗು ಬೇಕೆಂದು ಆಸೆಪಟ್ಟವರೇ. ಇನ್ನು ಮದುವೆಯಾಗದ ಮಕ್ಕಳಿಗೆ ಆ ದೇಶದ ಕಾನೂನು ಹೇಳಿಕೊಡುವುದು ತಪ್ಪು ದಾರಿ ತೋರಿಸಿದಂತೆ ಹೇಗಾಗುತ್ತದೆ? ಟ್ರಾಫಿಕ್ ನಿಯಮ ಹೇಳಿದರೆ ಅಪಘಾತ ಮಾಡಿ ಎಂದ ಹಾಗೆ ಆಗುವುದಿಲ್ಲವಲ್ಲ.

ಅಪ್ಪ ಅಮ್ಮನಿಗೆ ಬಾಯಿ ಬಾರದಿದ್ದರೆ ಹೋಗಲಿ, ಚಿಕ್ಕಮ್ಮನೋ ಅತ್ತಿಗೆಯೋ ಹೇಳಲಿ. ಅದೂ ಆಗದಿದ್ದರೆ ಸರಕಾರದ ವ್ಯವಸ್ಥೆ ಇರಬೇಕು. ನೋರ್ಕಾ ರೂಟ್ಸ್ ವಿದೇಶಕ್ಕೆ ಹೋಗುವವರಿಗೆ ಪ್ರಯಾಣಪೂರ್ವ ಶಿಬಿರ ನಡೆಸುತ್ತದೆ. ಕೇಂದ್ರ ವಿದೇಶಾಂಗ ಸಚಿವಾಲಯದ ತರಬೇತಿಯೂ ಇದೆ. ಅದರಲ್ಲಿ ಸಂಬಳದ ಕರಾರು, ಪಾಸ್‌ಪೋರ್ಟ್ ಕೈಯಲ್ಲಿಟ್ಟುಕೊಳ್ಳುವುದು ಇವುಗಳ ಜತೆ ಅರ್ಧ ಗಂಟೆ ಇದಕ್ಕೂ ಮೀಸಲಾಗಲಿ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಕೂರಿಸಿದರೆ ಪ್ರಶ್ನೆ ಕೇಳಲು ಸಂಕೋಚ ಕಡಿಮೆ. ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಅದು ಕನ್ನಡದಲ್ಲೂ ಆಗಬೇಕು. ಸಂತೆಯಲ್ಲಿ ಮಲಯಾಳ ಮಾತಾಡಲು ಬರುವುದು ಬೇರೆ, ತನ್ನ ಮೈಯ ತೊಂದರೆಯನ್ನು ಆ ಭಾಷೆಯಲ್ಲಿ ಓದಿ ತಿಳಿಯುವುದು ಬೇರೆ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ಶಾಲೆ, ಅರ್ಜಿ ನಮೂನೆಗಳಿಗಾಗಿ ಹೋರಾಡಿದ ಸಂಘಟನೆಗಳು ಇದನ್ನೂ ತಮ್ಮ ಬೇಡಿಕೆಯ ಪಟ್ಟಿಗೆ ಸೇರಿಸಿಕೊಳ್ಳಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರಿನ ಕನ್ನಡಿಗರಿಗೂ ಇದೇ ಮಾತು ಅನ್ವಯ, ಅಲ್ಲಿ ಮರಾಠಿ, ತಮಿಳು ಎಂಬುದಷ್ಟೇ ವ್ಯತ್ಯಾಸ.

ಕುಟುಂಬಶ್ರೀ ಸಭೆಯಲ್ಲಿ ಆಶಾ ಕಾರ್ಯಕರ್ತೆಯನ್ನು ಕರೆದು, ಯಾರ ಮನೆಯಿಂದ ಯಾರು ಹೊರಡುವವರಿದ್ದಾರೆ ಎಂದು ಕೇಳಿ, ಎರಡು ತಿಂಗಳ ಮೊದಲೇ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿ ಬರುವ ಹಾಗೆ ಮಾಡಿದರೆ ಹೊಸ ಯೋಜನೆಯೂ ಬೇಡ, ಹಣವೂ ಬೇಡ. ಹೊರಡುವವರ ಪೆಟ್ಟಿಗೆಗೆ ಔಷಧದ ಹೆಸರಿನ ಚೀಟಿ, ದೃಢೀಕರಿಸಿದ ಮದುವೆ ಪ್ರಮಾಣಪತ್ರದ ಎರಡು ಪ್ರತಿ, ವಿಮೆಯಲ್ಲಿ ಏನು ಸೇರಿದೆ ಏನಿಲ್ಲ ಎಂಬ ಹಾಳೆ ಹೋಗಲಿ. ಯು.ಎ.ಇ.ಗೆ ಹೋಗುವವರಾದರೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800-46342 ಎಂಬ ಉಚಿತ ನಂಬ್ರವನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಕಾಗದದಲ್ಲೂ ಬರೆದುಕೊಳ್ಳಬೇಕು. ಮೊಬೈಲನ್ನು ಯಜಮಾನ ಕಿತ್ತಿಟ್ಟುಕೊಂಡ ಉದಾಹರಣೆಗಳೂ ಇವೆ.